ಸತ್ತವರಿಗೆ ಕಲ್ಲು, ಬದುಕಿ ಬಂದವರಿಗೆ?

ಸೆಪ್ಟೆಂಬರ್ ಕೊನೆಯ ದಿನಗಳು ಬಂದರೆ ನಮ್ಮ ನಾಡಿಗೆ ಎರಡು ನೆನಪು. 1918ರಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಒಂದು ಕಡೆ, 1942ರಲ್ಲಿ ಸರ್ಕಾರವನ್ನೇ ಊರ ಹೊರಗೆ ನಿಲ್ಲಿಸಿದ ಈಸೂರು ಇನ್ನೊಂದು ಕಡೆ. ಮೊದಲನೆಯವರು ಸಾಮ್ರಾಜ್ಯದ ಪರವಾಗಿ ಕಾದಿದವರು, ಎರಡನೆಯವರು ಅದಕ್ಕೆ ಎದುರು ನಿಂತವರು. ಇಬ್ಬರನ್ನೂ ನಾವು ಒಮ್ಮೆ ಹೊಗಳಿದ್ದೇವೆ, ಒಮ್ಮೆ ಮರೆತಿದ್ದೇವೆ. ಸಾವಿರ ವರ್ಷದ ವೀರಗಲ್ಲುಗಳು ನಿಂತಿರುವ ಶಿಕಾರಿಪುರ, ಸೊರಬದ ನೆಲದಲ್ಲಿ ಆ ತೀರ್ಪುಗಳ ಬೆನ್ನುಹತ್ತಿ ಒಂದು ಸುತ್ತು.

ಸೊರಬದ ಕಡೆಯ ಒಂದು ಊರಿನ ಕೆರೆ ಏರಿ. ಮಳೆ ಹಿಂದೆ ಸರಿಯುತ್ತಿದೆ, ಗದ್ದೆ ಹಸಿರಾಗಿದೆ. ಏರಿಯ ಪಕ್ಕದಲ್ಲಿ ಅರ್ಧ ಹೂತ ಕಲ್ಲೊಂದು ನಿಂತಿದೆ, ಮೈತುಂಬ ಹಾವಸೆ. ಬಾಟಲಿಯ ನೀರು ಬಗ್ಗಿಸಿ ಅಂಗೈಯಿಂದ ಉಜ್ಜಿದೆ. ಮೊದಲು ಕಂಡದ್ದು ಹಸುಗಳ ಕೊಂಬು, ಒಂದರ ಹಿಂದೊಂದು. ಆಮೇಲೆ ಬಿಲ್ಲು ಹಿಡಿದ ಗಂಡಾಳು. ಅವನ ಎದೆಗೆ ಒಂದು ಬಾಣ ನೆಟ್ಟಿದೆ.

ಅದರ ಮೇಲಿನ ಪಟ್ಟಿಕೆಯಲ್ಲಿ ಅದೇ ಗಂಡಾಳು ಇಬ್ಬರು ಹೆಣ್ಣುಮಕ್ಕಳ ನಡುವೆ ಇದ್ದಾನೆ. ಅವರು ದೇವಕನ್ಯೆಯರು, ತೋಳು ಹಿಡಿದು ಅವನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯ ಪಟ್ಟಿಕೆಯಲ್ಲಿ ಲಿಂಗ, ಪೂಜಾರಿ, ಪಕ್ಕದಲ್ಲಿ ಕೈಮುಗಿದು ಕೂತ ಅವನೇ. ನೆತ್ತಿಯಲ್ಲಿ ಸೂರ್ಯ ಚಂದ್ರ. ಅಕ್ಷರಗಳು ಸವೆದುಹೋಗಿ ಓದಲು ಬರುವುದಿಲ್ಲ. ಬುಡದಲ್ಲಿ ಮಾತ್ರ ಹೊಸ ಅರಿಸಿನ, ಕುಂಕುಮ, ಒಣಗಿದ ಒಂದು ಚೆಂಡುಹೂವು.

ಯಾರವನು? ಊರಿಗೆ ಗೊತ್ತಿಲ್ಲ. ಆದರೂ ಯಾರೋ ಬೆಳಗ್ಗೆ ಬಂದು ಹೂವಿಟ್ಟು ಹೋಗಿದ್ದಾರೆ.

ವೀರಗಲ್ಲುಗಳು ಇಷ್ಟು ದಟ್ಟವಾಗಿ ಸಿಗುವ ಸೀಮೆ ಕರ್ನಾಟಕದಲ್ಲೂ ಹೆಚ್ಚಿಲ್ಲ. ಬಳ್ಳಿಗಾವಿ, ತಾಳಗುಂದ, ಬಂದಳಿಕೆ, ಉದ್ರಿ, ಚಂದ್ರಗುತ್ತಿ, ಎತ್ತ ಹೋದರೂ ಶಾಸನ, ಎತ್ತ ಹೋದರೂ ಕಲ್ಲು. ಶಾಸನತಜ್ಞ ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಶಾಸನ ಸಂಪುಟಗಳಲ್ಲಿ ಆಗಿನ ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟ ಮೀಸಲಿಡಬೇಕಾಯಿತು. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ.

ಈ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. ಯುದ್ಧಕ್ಕೆ ಹೋದವನನ್ನು ಊರು ಹೇಗೆ ಅಳೆಯುತ್ತದೆ? ಯುದ್ಧ ಬೇಡ ಎಂದವನನ್ನು ಹೇಗೆ ಅಳೆಯುತ್ತದೆ?

ಎರಡೂ ಕಡೆಗೆ ಕಲ್ಲು

ಹಳಬರ ಅಳತೆ ಸ್ಪಷ್ಟವಾಗಿತ್ತು. ಗೆದ್ದವನಿಗೆ ಸಿರಿ, ಮಡಿದವನಿಗೆ ಸ್ವರ್ಗ. ದನಗಳನ್ನು ಅಟ್ಟಿಕೊಂಡು ಹೋದವರ ಬೆನ್ನುಹತ್ತಿ ಸತ್ತವನು, ಊರಿಗೆ ಬೆಂಕಿ ಬಿದ್ದಾಗ ಅಡ್ಡ ನಿಂತು ಸತ್ತವನು, ಹೆಣ್ಣುಮಕ್ಕಳ ಕೂಗಿಗೆ ಓಡಿಹೋಗಿ ಸತ್ತವನು, ಎಲ್ಲರಿಗೂ ಕಲ್ಲು. ಶಾಸನಗಳಲ್ಲಿ ಇವಕ್ಕೆ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಹೆಸರುಗಳಿವೆ.

ದನ ಕಾಯಲು ಹೋಗಿ ಸತ್ತವನಿಗೆ ಇದ್ದಂತೆ ದನ ಹಿಡಿಯಲು ಹೋಗಿ ಸತ್ತವನಿಗೂ ಕಲ್ಲುಗಳಿವೆ. ಒಂದು ಊರಿಗೆ ಅವನು ಕಳ್ಳ, ತನ್ನ ಊರಿಗೆ ವೀರ. ಇಂದು ಎರಡೂ ಊರಿನ ಕಲ್ಲುಗಳು ಒಂದೇ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಬಹುದು. ಯಾವನು ಸರಿ, ಯಾವನು ತಪ್ಪು ಎಂದು ಅವುಗಳ ಮುಂದೆ ಈಗ ಯಾರೂ ಕೇಳುವುದಿಲ್ಲ.

ಸೊರಬ ತಾಲ್ಲೂಕಿನ ಉದ್ರಿ ನನ್ನ ಮಟ್ಟಿಗೆ ಇನ್ನೂ ದೊಡ್ಡ ಊರು. ಹಳೆಯ ಶಾಸನಗಳ ಉದ್ಧರೆ ಇದೇ. ಇಲ್ಲಿ ವೀರಗಲ್ಲುಗಳ ಜೊತೆಗೆ ಜೈನರ ನಿಷಿಧಿಗಲ್ಲುಗಳೂ ಸಿಕ್ಕಿವೆ. ಅನ್ನ, ನೀರು, ಆಸೆ, ಹಗೆ ಎಲ್ಲವನ್ನೂ ಬಿಟ್ಟು ಸಲ್ಲೇಖನದಿಂದ ದೇಹ ತ್ಯಜಿಸಿದವರ ಕಲ್ಲುಗಳವು. ಕತ್ತಿ ಹಿಡಿದು ಸತ್ತವನಿಗೂ ಕಲ್ಲು, ಒಂದು ಇರುವೆಗೂ ನೋವಾಗದಂತೆ ಸತ್ತವನಿಗೂ ಕಲ್ಲು. ಎರಡಕ್ಕೂ ಅದೇ ಪಟ್ಟಿಕೆಗಳ ವಿನ್ಯಾಸ, ಅದೇ ಉಳಿ, ಅದೇ ಗೌರವ. ಎರಡೂ ಧೈರ್ಯವೇ ಎಂದು ಆ ಊರಿನ ಶಿಲ್ಪಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

> ನೆತ್ತರುಗೊಡಗೆ
>
> ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳು ಕೊಡುವ ಹೆಸರು ನೆತ್ತರುಗೊಡಗೆ. ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟ ದಾನ ಬಾಳ್ಗಚ್ಚು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ ಹೇಳುವುದು ಇಂಥದೇ ಒಂದು ಬಾಳ್ಗಚ್ಚಿನ ಸಂಗತಿ. ಕಾಳಗದಲ್ಲಿ ಗೆದ್ದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳು ಸಂದವು.
>
> ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನದಲ್ಲಿ ಇರುವುದು ಶಾಸ್ತ್ರ ಓದಲು ಕಂಚಿಗೆ ಹೋದ ಮಯೂರಶರ್ಮನ ಕಥೆ. ಅಲ್ಲಿ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಗಿ, ದರ್ಭೆ ಹಿಡಿಯುತ್ತಿದ್ದ ಕೈಗೆ ಅವನು ಕತ್ತಿ ತೆಗೆದುಕೊಂಡ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ.

ಆದರೆ ಆ ಕಾಲದ ಅಳತೆಯಲ್ಲೂ ಒಂದು ಕೊರತೆ ಇತ್ತು. ಕಲ್ಲು ಸಿಗುತ್ತಿದ್ದುದು ಸತ್ತವನಿಗೆ. ಗಾಯಗೊಂಡು ಮನೆಗೆ ಬಂದು, ಕುಂಟುತ್ತ ಗದ್ದೆ ಕೆಲಸ ಮಾಡಿ, ಮುದುಕನಾಗಿ ಸತ್ತವನಿಗೆ ಯಾರೂ ದೇವಕನ್ಯೆಯರನ್ನು ಕೆತ್ತಿಸಲಿಲ್ಲ. ಗಂಡನ ಚಿತೆ ಏರಿದವಳಿಗೆ ಬಳೆ ತೊಟ್ಟ ತೋಳಿನ ಮಾಸ್ತಿಕಲ್ಲು ನಿಂತಿತು. ಬದುಕಿ ಉಳಿದು ಮಕ್ಕಳನ್ನು ಸಾಕಿದವಳಿಗೆ ಏನೂ ಇಲ್ಲ.

ಏಸೂರು ಕೊಟ್ಟರೂ

ಈಗ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಬನ್ನಿ. 1942ರ ಸೆಪ್ಟೆಂಬರ್ ಕೊನೆಯ ವಾರ.

ಅದಕ್ಕೆ ಮೂರು ವರ್ಷ ಮೊದಲು, 1939ರ ಸೆಪ್ಟೆಂಬರ್ 3ರಂದು, ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಎಂದು ಸಾರಿದ್ದರು. ಭಾರತದ ಯಾವ ನಾಯಕನನ್ನೂ ಕೇಳಿರಲಿಲ್ಲ. ಅದನ್ನು ಪ್ರತಿಭಟಿಸಿ ಪ್ರಾಂತಗಳ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆ ವೈಯಕ್ತಿಕ ಸತ್ಯಾಗ್ರಹಕ್ಕೆ ಇಳಿದರು. ಈ ಯುದ್ಧಕ್ಕೆ ಜನ ಕೊಡಬೇಡಿ, ಹಣ ಕೊಡಬೇಡಿ ಎಂದು ಹೇಳಿದ್ದೇ ಅಪರಾಧವಾಯಿತು. ಹೀಗೆ ಹೇಳಿ ಸಾವಿರಾರು ಜನ ಜೈಲಿಗೆ ನಡೆದರು. 1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ನಿರ್ಣಯ ಆಯಿತು, ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿ ಬಂಧನವಾಯಿತು.

ಆ ಬಿಸಿ ಈಸೂರಿಗೂ ಮುಟ್ಟಿತು. ಊರಿನವರು ಕಂದಾಯ ಕೊಡುವುದಿಲ್ಲ ಎಂದರು. ಪಟೇಲ, ಶಾನುಭೋಗರ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿತು. ಬೇಜವಾಬ್ದಾರಿ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬ ಅರ್ಥದ ಫಲಕ ಊರಬಾಗಿಲಲ್ಲಿ ನಿಂತಿತು. ಸಾಹುಕಾರ್ ಬಸವಣ್ಣೆಪ್ಪನವರ ಮುಂದಾಳತನದಲ್ಲಿ ಊರು ತನ್ನದೇ ಸರ್ಕಾರ ಕಟ್ಟಿಕೊಂಡಿತು. ಇಬ್ಬರು ಹುಡುಗರನ್ನು ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿತು. ಹುಡುಗರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕ ಅದರ ಹಿಂದೆ ಇತ್ತು ಎನ್ನುತ್ತಾರೆ.

'ಏಸೂರು ಕೊಟ್ಟರೂ ಈಸೂರು ಕೊಡೆವು.' ಆ ಮಾತು ಇಂದಿಗೂ ಶಿವಮೊಗ್ಗ ಜಿಲ್ಲೆಯ ಮಕ್ಕಳ ನಾಲಿಗೆಯ ಮೇಲಿದೆ.

ಆಮೇಲೆ ನಡೆದದ್ದನ್ನು ನಾವು ಬೇಗ ಬೇಗ ಹೇಳಿ ಮುಗಿಸುತ್ತೇವೆ. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ಲಾಠಿ ಬೀಸಿತು, ಗುಂಡು ಹಾರಿತು, ಜನ ಮೈಮೇಲೆ ಬಿದ್ದರು. ಅಧಿಕಾರಿಗಳಿಬ್ಬರೂ ಅಲ್ಲೇ ಸತ್ತರು. ಅವರು ಇಂಗ್ಲಿಷರಲ್ಲ. ಈಸೂರಿನವರು ಮಾತಾಡುವ ಕನ್ನಡವನ್ನೇ ಮಾತಾಡುವವರು.

ಅನಂತರ ಸರ್ಕಾರದ ಪಡೆಗಳು ಊರಿಗೆ ನುಗ್ಗಿದವು. ಮನೆಗಳಿಗೆ ಬೆಂಕಿ ಬಿತ್ತು, ಲೂಟಿ ನಡೆಯಿತು. ಗಂಡಸರು, ಹೆಂಗಸರು, ಮಕ್ಕಳು ಕಾಡು ಸೇರಿದರು. ವಿಚಾರಣೆಯಾಗಿ ಐವರಿಗೆ ಗಲ್ಲು ಖಾಯಂ ಆಯಿತು. ಜೀವಾವಧಿ ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು.

> ಮಾರ್ಚ್ 8, 9, 10
>
> ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಗೌಡ್ರ ಶಂಕರಪ್ಪ. 1943ರ ಮಾರ್ಚ್ 8, 9 ಮತ್ತು 10ರಂದು ಈ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಆ ಜೈಲಿದ್ದ ಜಾಗ ಇಂದು ಫ್ರೀಡಂ ಪಾರ್ಕ್. ಬೆಂಗಳೂರಿನ ಪ್ರತಿಭಟನೆಗಳೆಲ್ಲ ಸೇರುವುದು ಅಲ್ಲೇ.

ಈಸೂರು ಬ್ರಿಟಿಷರ ನೇರ ಆಡಳಿತದಲ್ಲಿ ಇರಲಿಲ್ಲ. ಅದು ಮೈಸೂರು ಸಂಸ್ಥಾನದ ಊರು. ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್, ದಿವಾನರು ಎನ್. ಮಾಧವರಾವ್. ಐವರನ್ನು ಗಲ್ಲಿಗೇರಿಸಿದ್ದು ನಮ್ಮವರದೇ ಸರ್ಕಾರ. ಮುಂದೆ ಅದೇ ಮಾಧವರಾವ್ ಸಂವಿಧಾನದ ಕರಡು ಸಮಿತಿಯ ಸದಸ್ಯರಾದರು, ಅಂಬೇಡ್ಕರರ ಜೊತೆ ಕೂತು ಈ ದೇಶದ ಹಕ್ಕುಗಳ ಪುಸ್ತಕಕ್ಕೆ ಕೈಜೋಡಿಸಿದರು. ಅದೇ ಮಹಾರಾಜರು ರಾಜ್ಯಪಾಲರಾದರು.

1943ರ ಮಾರ್ಚ್‌ನಲ್ಲಿ ದಾಖಲೆಯ ಪ್ರಕಾರ ಆ ಐವರು ಕೊಲೆಗಾರರು. 1947ರ ಆಗಸ್ಟ್ ಹೊತ್ತಿಗೆ ಹುತಾತ್ಮರು. ನಡುವೆ ನಾಲ್ಕೂವರೆ ವರ್ಷ. ಅವರು ಮಾಡಿದ್ದರಲ್ಲಿ ಏನೂ ಬದಲಾಗಿರಲಿಲ್ಲ, ತೀರ್ಪು ಕೊಡುವ ಕುರ್ಚಿ ಬದಲಾಗಿತ್ತು.

ಈಸೂರಿನ ಹುತಾತ್ಮರ ಸ್ಮಾರಕದ ಮುಂದೆ ನಾನು ತಲೆಬಾಗುತ್ತೇನೆ, ಆ ಐವರ ಧೈರ್ಯದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಚೆನ್ನಕೃಷ್ಣಪ್ಪ, ಕೆಂಚೇಗೌಡರ ಹೆಸರನ್ನೂ ಗಟ್ಟಿಯಾಗಿ ಹೇಳಬೇಕು ಎಂಬುದು ನನ್ನ ಮಾತು. ಸಂಬಳಕ್ಕೆ ನಿಂತ ಕೆಲಸ ಮಾಡಲು ಹೋಗಿ ಅವರು ಸತ್ತರು, ಅವರಿಗೂ ಮನೆ ಇತ್ತು. ಅವರ ಹೆಸರು ಹೇಳಿದರೆ ಐವರ ತ್ಯಾಗ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ದನ ಕಾದವನಿಗೂ ದನ ಹಿಡಿದವನಿಗೂ ಕಲ್ಲು ನಿಲ್ಲಿಸಿದ ಸೀಮೆ ಇದು.

ಅದೇ ವರ್ಷ, ಸಿಂಗಪುರ

ಈಸೂರು ಎದ್ದ ಅದೇ 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಸೆರೆಸಿಕ್ಕವರಲ್ಲಿ ಮೈಸೂರು ಸಂಸ್ಥಾನದ ಪಡೆಯೂ ಇತ್ತು. ಫಸ್ಟ್ ಮೈಸೂರು ಇನ್‌ಫೆಂಟ್ರಿ ಅಲ್ಲಿನ ಕಾವಲಿಗೆ ಹೋಗಿತ್ತು. ಈಸೂರಿನ ಜನ ಕಾಡು ಸೇರಿದ ದಿನಗಳಲ್ಲಿ ಅದೇ ಸಂಸ್ಥಾನದ ಸೈನಿಕರು ಜಪಾನಿಯರ ಶಿಬಿರದಲ್ಲಿದ್ದರು.

ಫೆಬ್ರುವರಿ 17ರಂದು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನೆಲ್ಲ ಒಟ್ಟುಗೂಡಿಸಿ ಜಪಾನಿಗೆ ಒಪ್ಪಿಸಲಾಯಿತು. ಅವರ ಮುಂದೆ ಎರಡು ದಾರಿ ಇದ್ದವು. ಒಂದು, ಹೊಸದಾಗಿ ಕಟ್ಟುತ್ತಿದ್ದ ಆಜಾದ್ ಹಿಂದ್ ಫೌಜ್ ಸೇರುವುದು. ಇನ್ನೊಂದು, ಉಂಡ ಉಪ್ಪಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಸೆರೆಯಲ್ಲೇ ಉಳಿಯುವುದು. ಎರಡೂ ದಾರಿಗೆ ಜನ ಹೋದರು. ಎರಡೂ ದಾರಿಯಲ್ಲಿ ಜನ ಸತ್ತರು.

ಫೌಜ್ ಸೇರಿದವರು ಬ್ರಿಟಿಷರ ಕಣ್ಣಿಗೆ ದ್ರೋಹಿಗಳು. 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ಶುರುವಾದಾಗ ದೇಶವೇ ಅವರ ಪರ ನಿಂತಿತು. ಸ್ವತಂತ್ರ ಭಾರತ ಅವರನ್ನು ಹೊಗಳಿತು, ಆದರೆ ಸೇನೆಗೆ ವಾಪಸ್ ತೆಗೆದುಕೊಳ್ಳಲಿಲ್ಲ. ಫೌಜ್ ಸೇರದವರ ಬಗ್ಗೆ ಯಾರೂ ಏನೂ ಮಾತಾಡಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಕೆಳಗೆ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಸುಮಾರು 87,000 ಮಂದಿ ಸತ್ತರು. ಬಹುಪಾಲು ಹಳ್ಳಿಯವರು. ಅವರನ್ನು ಸೈನ್ಯಕ್ಕೆ ಎಳೆದದ್ದು ಸಂಬಳ, ಎರಡು ಹೊತ್ತಿನ ಊಟ, ಮನೆಗೆ ಕಳಿಸಬಹುದಾದ ಮನಿಯಾರ್ಡರ್. ಅವರು ಊರಿಗೆ ಬರುವಷ್ಟರಲ್ಲಿ ಊರಿನ ಗಾಳಿಯೇ ಬೇರೆ. ಜೈಲಿಗೆ ಹೋದವನ ಕೊರಳಿಗೆ ಹಾರ, ಬರ್ಮಾಕ್ಕೆ ಹೋದವನಿಗೆ 'ಬ್ರಿಟಿಷರ ಕಡೆಯವನು' ಎಂಬ ಹೆಸರು. ಹಳ್ಳಿಗಳಲ್ಲಿ ಈಗಲೂ ಸೈನ್ಯದಿಂದ ಬಂದವರ ಹೆಸರಿನ ಹಿಂದೆ 'ಮಿಲ್ಟ್ರಿ' ಸೇರಿಸುತ್ತಾರೆ. ಅದರಲ್ಲಿ ಗೌರವವೂ ಇದೆ, ಇವನು ನಮ್ಮಿಂದ ಸ್ವಲ್ಪ ಬೇರೆ ಎಂಬ ದೂರವೂ ಇದೆ.

ಹೈಫಾದ ಕಥೆಯೂ ಇಂಥದೇ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರ, ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ, ಭಲ್ಲೆ ಹಿಡಿದು ಮೆಷಿನ್‌ಗನ್ನಿನ ಎದುರು ನುಗ್ಗಿ ಹೈಫಾ ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳ ಮೇಲೆ ಬಿದ್ದದ್ದು ಮೈಸೂರಿನವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಆದರೆ ಪರರ ಸಾಮ್ರಾಜ್ಯಕ್ಕೆ ಗೆದ್ದ ಊರು ಅದು, ಸ್ವಾತಂತ್ರ್ಯ ಬಂದ ಮೇಲೆ ದಶಕಗಳ ಕಾಲ ಸಾರ್ವಜನಿಕ ನೆನಪಿನಿಂದ ಜಾರಿತ್ತು. 2017ರಲ್ಲಿ ಪ್ರಧಾನಿ ಹೈಫಾದ ಸ್ಮಶಾನಕ್ಕೆ ಹೋಗಿ ಬಂದರು, 2018ರಲ್ಲಿ ತೀನ್ ಮೂರ್ತಿ ವೃತ್ತಕ್ಕೆ ಹೈಫಾ ಹೆಸರು ಸೇರಿತು. ಸವಾರರು ಅದೇ ಸವಾರರು. ಈ ಸಲವೂ ಬದಲಾದದ್ದು ನೋಡುವ ಕಣ್ಣು.

ಸರ್ಟಿಫಿಕೇಟ್ ಎಲ್ಲಿದೆ?

ಗೌರವ ಕೊನೆಗೆ ಬಂದು ನಿಲ್ಲುವುದು ಕಾಗದದ ಮುಂದೆ. 1972ರಲ್ಲಿ, ಸ್ವಾತಂತ್ರ್ಯದ 25ನೇ ವರ್ಷಕ್ಕೆ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ತಂದಿತು. ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದಿರಬೇಕು. ಮುಂದೆ ಹೆಂಗಸರಿಗೆ, ಪರಿಶಿಷ್ಟರಿಗೆ ಅದು ಮೂರು ತಿಂಗಳಿಗೆ ಇಳಿಯಿತು. ಆಜಾದ್ ಹಿಂದ್ ಫೌಜ್‌ನವರಿಗೂ ಅದರಲ್ಲಿ ಜಾಗ ಸಿಕ್ಕಿತು.

ಆದರೆ ಕಾಡಿನಲ್ಲಿ ಅಡಗಿದವರು ಏನು ತೋರಿಸಬೇಕು? ಅಡಗಿದವರಿಗೆ ಅನ್ನ ಹೊತ್ತುಕೊಂಡು ಹೋದ ಹೆಂಗಸು ಯಾವ ಸರ್ಟಿಫಿಕೇಟ್ ತರಬೇಕು? ಮನೆ ಸುಟ್ಟುಹೋದವನ ಬಳಿ ಯಾವ ಕಾಗದ ಉಳಿದಿರುತ್ತದೆ?

ಬ್ರಿಟಿಷ್ ಸೈನ್ಯದಲ್ಲಿ ನಾಲ್ಕೈದು ವರ್ಷ ದುಡಿದು, ಯುದ್ಧ ಮುಗಿಯುತ್ತಿದ್ದಂತೆ ಮನೆಗೆ ಕಳಿಸಲ್ಪಟ್ಟವನಿಗೆ ಸೇವಾ ಪಿಂಚಣಿ ಇಲ್ಲ, ಅವಧಿ ಸಾಲದು. ಅಂಥವರಿಗೆ ಬಹುಕಾಲದ ಮೇಲೆ ಸೈನಿಕ ಕಲ್ಯಾಣ ಇಲಾಖೆಯ ಮಾಸಿಕ ನೆರವು ಬಂತು. ಅದನ್ನು ಪಡೆಯಲೂ ಡಿಸ್ಚಾರ್ಜ್ ಪುಸ್ತಕ ಬೇಕು. ಎಷ್ಟೋ ಮನೆಗಳಲ್ಲಿ ಅದು ಗೆದ್ದಲಿಗೆ ಹೋಯಿತು.

ಇಂದಿನ ಮಾಜಿ ಸೈನಿಕನಿಗೆ ಪಿಂಚಣಿ ಇದೆ, ಜಮೀನು ಮಂಜೂರಾತಿಯಲ್ಲಿ ಮೀಸಲಿದೆ. ಒಳ್ಳೆಯದು. ಆದರೆ ಯೋಧ ಮಡಿದರೆ ಪಟ್ಟಣಕ್ಕೆ ಪಟ್ಟಣವೇ ರಸ್ತೆಗಿಳಿಯುವ ನಾವು, ಬದುಕಿ ಬಂದವನನ್ನು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂರಿಸಿ ನಾಳೆ ಬಾ ಎನ್ನುತ್ತೇವೆ. ನೆತ್ತರುಗೊಡಗೆಯ ಕಾಲದ ಹಳೆಯ ಕೊರತೆ ಇನ್ನೂ ನಮ್ಮಲ್ಲೇ ಇದೆ.

> ಬೇರೆ ನಾಡುಗಳಲ್ಲಿ
>
> ಮೊದಲ ಮಹಾಯುದ್ಧದಲ್ಲಿ ಮನಸ್ಸಾಕ್ಷಿಯ ಕಾರಣ ಕೊಟ್ಟು ಸೈನ್ಯ ಸೇರಲೊಪ್ಪದ ಸುಮಾರು 16,000 ಜನ ಬ್ರಿಟನ್ನಿನಲ್ಲಿದ್ದರು. ಅವರಲ್ಲಿ ಹಲವರು ಯುದ್ಧ ಮುಗಿದ ಮೇಲೆ ಐದು ವರ್ಷ ಮತ ಹಾಕುವ ಹಕ್ಕು ಕಳೆದುಕೊಂಡರು. ರಣರಂಗ ಬಿಟ್ಟ ಆರೋಪದಂಥ ಕಾರಣಗಳಿಗೆ ತನ್ನವರೇ ಗುಂಡಿಟ್ಟು ಕೊಂದ 306 ಸೈನಿಕರಿಗೆ ಬ್ರಿಟನ್ ಕ್ಷಮೆ ಕೊಟ್ಟದ್ದು 2006ರಲ್ಲಿ.
>
> ವಿಯೆಟ್ನಾಂ ಯುದ್ಧಕ್ಕೆ ಬರುವುದಿಲ್ಲ ಎಂದು ಬಾಕ್ಸಿಂಗ್ ವೀರ ಮಹಮ್ಮದ್ ಅಲಿ 1967ರಲ್ಲಿ ಹೇಳಿದರು, ಪಟ್ಟ ಕಳೆದುಕೊಂಡರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಶಿಕ್ಷೆ ರದ್ದು ಮಾಡಿತು. 1996ರ ಒಲಿಂಪಿಕ್ ಜ್ಯೋತಿ ಹೊತ್ತಿಸಿದ್ದು ಅದೇ ಕೈ. ಅದೇ ಯುದ್ಧದಿಂದ ಬಂದ ಸೈನಿಕರಲ್ಲಿ ಅನೇಕರಿಗೆ ತಮ್ಮ ಊರಿನಲ್ಲೇ ತಣ್ಣನೆಯ ಸ್ವಾಗತ ಸಿಕ್ಕಿತ್ತು. ಮಡಿದವರ ಹೆಸರು ಕೆತ್ತಿದ ಕಪ್ಪು ಗೋಡೆ 1982ರಲ್ಲಿ ವಾಷಿಂಗ್ಟನ್ನಿನಲ್ಲಿ ಎದ್ದಿತು.

ದ್ರೋಹಿ ಎಂಬ ಪದ

ಇತ್ತೀಚೆಗೆ ಗಡಿಯಲ್ಲಿ ಗುಂಡಿನ ಸದ್ದು ಕೇಳಿದರೆ ಸಾಕು, ಯುದ್ಧ ಬೇಡ ಎಂದವರಿಗೆ ಮೊಬೈಲಿನಲ್ಲಿ ಒಂದು ಪದ ತಯಾರಾಗಿರುತ್ತದೆ. ದೇಶದ್ರೋಹಿ. 1942ರಲ್ಲಿ ಈಸೂರಿನವರೂ ಆಗಿನ ಸರ್ಕಾರದ ಕಣ್ಣಿಗೆ ದ್ರೋಹಿಗಳೇ. ಕೆಂಪುಕೋಟೆಯಲ್ಲಿ ಫೌಜ್‌ನ ಅಧಿಕಾರಿಗಳ ಮೇಲೆ ಹೊರಿಸಿದ್ದು ದೊರೆಯ ವಿರುದ್ಧ ಯುದ್ಧ ಹೂಡಿದ ಆರೋಪ. ಆ ಪದ ಎಸೆಯುವ ಮೊದಲು ಒಮ್ಮೆ ಈಸೂರಿಗೆ ಹೋಗಿ ಬರಬೇಕು ಎಂದು ನನಗೆ ಅನಿಸುತ್ತದೆ.

ಇನ್ನೊಂದು ಕಡೆಯೂ ಇದೆ. ಸಮವಸ್ತ್ರ ತೊಟ್ಟವನನ್ನೆಲ್ಲ ಸರ್ಕಾರದ ಕೂಲಿಯಾಳು ಎಂದು ಹಗುರಾಗಿ ಮಾತಾಡುವವರು. ಅವರು ಫ್ಯಾರರ್ ಪಾರ್ಕಿನ ಬಿಸಿಲಿನಲ್ಲಿ, ಯಾವ ಕಡೆಗೆ ಹೆಜ್ಜೆ ಇಡಲಿ ಎಂದು ತಿಳಿಯದೆ ನಿಂತ ಒಬ್ಬ ಮೈಸೂರಿನ ಸಿಪಾಯಿಯನ್ನು ನೆನೆಯಬೇಕು. ಅವನ ಮನೆಯಲ್ಲಿ ಮನಿಯಾರ್ಡರಿಗೆ ಕಾಯುತ್ತಿದ್ದವರನ್ನೂ ನೆನೆಯಬೇಕು.

ಉದ್ರಿಯಲ್ಲಿ ವೀರಗಲ್ಲು, ನಿಷಿಧಿಗಲ್ಲು ಒಂದೇ ಊರಿನ ಮಣ್ಣಿನಲ್ಲಿ ನಿಂತಿವೆ. ಅಷ್ಟು ಜಾಗ ನಮ್ಮ ಮನಸ್ಸಿನಲ್ಲೂ ಆಗಬೇಕು.

ಕೆರೆ ಏರಿಯ ಆ ಕಲ್ಲಿನ ಅಕ್ಷರ ಸವೆದುಹೋಗಿವೆ, ಅದಕ್ಕೆ ಮಾಡಬಹುದಾದದ್ದು ಹೆಚ್ಚಿಲ್ಲ. ಆದರೆ 1942 ಅಷ್ಟು ಹಳೆಯದಲ್ಲ. ಶಿಕಾರಿಪುರ, ಸೊರಬದ ಓದುಗರಲ್ಲಿ ಒಂದು ಕೋರಿಕೆ. ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ದೇವರ ಕೋಣೆಯ ಗೂಡಿನಲ್ಲಿ ಒಮ್ಮೆ ಹುಡುಕಿ. ಸೈನ್ಯದ ಡಿಸ್ಚಾರ್ಜ್ ಪುಸ್ತಕ, ಜೈಲಿನಿಂದ ಬಿಟ್ಟ ಚೀಟಿ, ಪದಕ, ಶಿಬಿರದಿಂದ ಬಂದ ಕಾಗದ, ಕೋರ್ಟಿನ ನಕಲು, ಏನು ಸಿಕ್ಕರೂ ಎಸೆಯಬೇಡಿ. ಯಾವ ಕಡೆಯವರು ಎಂದು ನೋಡಬೇಡಿ. ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ, ಇನ್ನೊಂದು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಕೊಡಿ. ಕಾಗದ ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಹೆಸರು, ಊರು, ತಂದೆ ತಾಯಿಯ ಹೆಸರು, ಹೋದ ವರ್ಷ, ಬಂದ ವರ್ಷ. ಇಷ್ಟಿದ್ದರೆ ಸಾಕು.